ಅಣ್ಣಯ್ಯಪ್ಪನವರು ಹಾಕದೆ ಬಿಟ್ಟ ಗುರುತು

ಅಣ್ಣಯ್ಯಪ್ಪನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಟ್ಟ ಮನುಷ್ಯನಾಗಿದ್ದರೆ ಅವತ್ತೇ ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದೆ. ಅಷ್ಟು ನ್ಯಾಯವಂತರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯುವುದಿಲ್ಲ. ಅದು ಒಳಗೇ ಕೂತುಬಿಡುತ್ತದೆ, ನಮ್ಮನ್ನೂ ಸೇರಿಸಿ ಸುಡುತ್ತದೆ.

ನಾನು ಶಶಿಕಲಾ, ಅದಿಯಮಾನ್‌ಕೋಟೆಯ ಬೇಸಾಯದ ಮನೆಯವಳು, ಊರು ತಮಿಳು ಸೀಮೆಯದ್ದಾದರೂ ಮನೆಮಾತು ಕನ್ನಡ. ಟೈಪಿಂಗ್ ಹೈಯರ್ ಪಾಸು ಮಾಡಿದ ಒಂದೇ ಬಲದಿಂದ ಓಮಲೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಆಸ್ಪತ್ರೆ ಎಂದರೆ ಸೂಜಿ ಮಾತ್ರೆಯದ್ದಲ್ಲ. ಮುರಿದ ಮೂಳೆ ಕೂಡಿದ ಮೇಲೆ, ಲಕ್ವ ಹೊಡೆದ ಮೇಲೆ, ಮತ್ತೆ ನಡೆಯಲು, ಹಿಡಿಯಲು, ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸುವ ಜಾಗ. ನಮ್ಮ ಡಾಕ್ಟರು ಅಮೆರಿಕದಲ್ಲಿ ಹನ್ನೆರಡು ವರ್ಷ ಇದ್ದು ಬಂದವರು. ವಾರಕ್ಕೆ ಎರಡು ದಿನ ಸೇಲಂನಿಂದ ಬರುತ್ತಿದ್ದರು, ಮಿಕ್ಕ ದಿನ ತಮಿಳ್‌ಸೆಲ್ವಿ ಎಂಬ ಹುಡುಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು. ಫಿಸಿಯೋಥೆರಪಿ ಓದಿದವಳು, ಕೈಯಲ್ಲಿ ಗಂಡಸಿನ ಬಲ.

ಅಣ್ಣಯ್ಯಪ್ಪನವರು ಅಲ್ಲಿ ಬಿಲ್ ಗುಮಾಸ್ತರು. ೧೯೯೮ರಲ್ಲಿ ಸೇರಿದಾಗ ಅವರಿಗೆ ಐವತ್ನಾಲ್ಕು. ಸೇಲಂನ ಗುಗೈ ಕಡೆಯ ನೇಯ್ಗೆಯವರು, ಅವರದ್ದೂ ಕನ್ನಡದ ಮನೆ. ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ನೇಕಾರರ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆದಿದ್ದರು. ಪವರ್‌ಲೂಮು ಹೆಚ್ಚಿದಂತೆ ಕೈಮಗ್ಗ ಕಡಿಮೆಯಾಗಿ, ಸೊಸೈಟಿಗೆ ಗುಮಾಸ್ತರೇ ಬೇಡವಾದಾಗ ಈ ಕೆಲಸಕ್ಕೆ ಬಂದರು. ಮನೆಯಲ್ಲೇ ನೇಯ್ದ ಬಿಳಿ ಪಂಚೆ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು, ಕಂಕುಳಲ್ಲಿ ಮರದ ಅಡಿಕೋಲು. ಬಿಲ್ಲು ಬರೆಯಲು ಅಡಿಕೋಲು ಯಾಕೆ ಸಾರ್ ಎಂದು ನಾನು ರೇಗಿಸಿದರೆ, "ಸಾಲು ಸೊಟ್ಟಗಿದ್ರೆ ಮನ್ಸೂ ಸೊಟ್ಟಗಾಯ್ತದೆ ಕಣಮ್ಮಾ" ಅನ್ನುತ್ತಿದ್ದರು.

ಸೊಸೈಟಿಯಲ್ಲಿ ಅವರದೊಂದು ಪದ್ಧತಿ ಇತ್ತಂತೆ. ಯಾರ ಪಂಚೆ ತಂದರೂ ಒಂದು ಸಲ ಅಳೆಯುವುದು, ತಮ್ಮ ರಕ್ತಸಂಬಂಧಿಗಳದ್ದಾದರೆ ಎರಡು ಸಲ ಅಳೆಯುವುದು. ಬೇರೆಯವರ ಅಂಚಿನಲ್ಲಿ ನಾಲ್ಕು ಎಳೆ ಹೆಚ್ಚುಕಮ್ಮಿಯಾದರೆ ಬಿಟ್ಟಾರು, ಸ್ವಂತ ತಮ್ಮನ ಪಂಚೆಯಲ್ಲಿ ಎರಡು ಎಳೆ ತಪ್ಪಿದ್ದಕ್ಕೆ ಕೂಲಿ ಹಿಡಿದಿದ್ದರು. ತಮ್ಮ ಒಂದು ವರ್ಷ ಮಾತು ಬಿಟ್ಟಿದ್ದ. ಬೀದಿಯ ಜನ ಮಾತ್ರ ಅದಕ್ಕೇ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಚೌಡಮ್ಮನ ಗುಡಿಯ ಬೀಗದ ಕೈ ಅವರ ಮನೆಯ ಗೂಡಿನಲ್ಲೇ ಇರುತ್ತಿತ್ತು.

ಇನ್ನೊಂದು ಪದ್ಧತಿ ಅವರದ್ದಲ್ಲ, ಎಲ್ಲ ಮಗ್ಗದವರದ್ದು. ಲೆಕ್ಕದ ಪುಸ್ತಕದಲ್ಲಿ ಒಂದು ಪಂಚೆಗೆ ಒಂದು ಸಾಲು, ಒಂದು ಹೆಸರು. ನೇಯ್ದವನ ಹೆಸರು. ಅವನ ಹೆಂಡತಿ ಬೆಳಗಿನಿಂದ ರಾಟೆ ತಿರುಗಿಸಿ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿದ್ದು, ಅವ್ವ ಕಡಿದ ಎಳೆ ಕೂಡಿಸಿದ್ದು, ಎಲ್ಲ ಆ ಸಾಲಿನೊಳಗೇ ಸೇರಿಹೋಯಿತು. ಕಂಡಿಕೆಗೆ ಬೇರೆ ಕೂಲಿ ಕೊಡಿ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ನಗುತ್ತಿದ್ದರು.

ಈ ಎರಡು ಪದ್ಧತಿಗಳನ್ನೂ ಅವರು ಆಸ್ಪತ್ರೆಗೆ ಜೊತೆಯಲ್ಲೇ ತಂದರು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ಮಿಲ್ಲಿನಲ್ಲಿ ಪೆಟ್ಟು ಬಿದ್ದವರು. ಮಿಲ್ಲುಗಳು ಅವರಿಗೆ ವಿಮೆ ಮಾಡಿಸಿದ್ದವು. ಚೆನ್ನೈಯ ವಿಮೆ ಕಂಪನಿಗೆ ನಾವು ಹದಿನೈದು ದಿನಕ್ಕೊಮ್ಮೆ ಬಿಲ್ಲು ಕಳಿಸಬೇಕು. ಅದು ನಮ್ಮ ಡಾಕ್ಟರಿಗೆ ಪರಿಚಯವಿದ್ದ ಅಮೆರಿಕದ ಕ್ರಮವನ್ನೇ ಹಿಡಿದಿದ್ದ ಕಂಪನಿ. ಒಂದೊಂದು ಚಿಕಿತ್ಸೆಗೆ ಐದಂಕಿಯ ನಂಬರು. ಆ ನಂಬರಿನ ಹಿಂದೆ, ಬೇಕಾದ ಕಡೆ, ಎರಡಕ್ಷರದ್ದೋ ಎರಡಂಕಿಯದ್ದೋ ಒಂದು ಗುರುತು. ಬಲಗೈಗೆ ಒಂದು, ಎಡಗೈಗೆ ಒಂದು. ಒಂದೇ ದಿನ ಒಬ್ಬನಿಗೆ ಎರಡು ಚಿಕಿತ್ಸೆ ಮಾಡಿದ್ದು, ಎರಡನೆಯದನ್ನು ಬೇರೆಯ ಹೊತ್ತಿನಲ್ಲಿ, ಬೇರೆಯಾಗಿಯೇ ಮಾಡಿದ್ದಾದರೆ ಅದರ ಹಿಂದೆ ೫೯. ಆ ಗುರುತು ಇಲ್ಲದಿದ್ದರೆ ಎರಡನೆಯದು ಮೊದಲನೆಯದರೊಳಗೇ ಸೇರಿತು ಎಂದು ಕಂಪನಿ ತಿಳಿಯುತ್ತದೆ.

ಇದನ್ನು ಕಲಿಸಲು ಚೆನ್ನೈನಿಂದ ಒಬ್ಬ ಹೆಂಗಸು ಬಂದು ಇಡೀ ದಿನ ಪಾಠ ಮಾಡಿ ಹೋದರು. ೫೯ ಎಲ್ಲ ಕಡೆ ಬಳಿಯುವಂಥದ್ದಲ್ಲ, ಥೆರಪಿಸ್ಟ್ ಬರೆದ ಹೊತ್ತು ನೋಡಬೇಕು, ಹೊತ್ತು ಬೇರೆಬೇರೆ ಇದ್ದರೆ ಮಾತ್ರ ಹಾಕಬೇಕು, ಇಲ್ಲದೆ ಹಾಕಿದರೆ ಅದು ಕಳ್ಳತನ ಎಂದರು. ಹಾಕಬೇಕಾದ ಕಡೆ ಹಾಕದಿದ್ದರೂ ಅಷ್ಟೇ ತಪ್ಪು ಎಂದೂ ಹೇಳಿದರು. ಅಣ್ಣಯ್ಯಪ್ಪನವರ ಕಿವಿಯಲ್ಲಿ ಉಳಿದದ್ದು ಕಳ್ಳತನ ಎಂಬ ಮಾತೊಂದೇ.

ಮೊದಲ ಮೂರು ತಿಂಗಳು ಅವರು ಆ ಗುರುತನ್ನು ಯಾರಿಗೂ ಹಾಕಲಿಲ್ಲ. ಬಲ ಎಡ ಒಂದು ದಿನವೂ ತಪ್ಪಲಿಲ್ಲ, ೫೯ ಮಾತ್ರ ಅವರ ಪೆನ್ನಿನಿಂದ ಇಳಿಯಲೇ ಇಲ್ಲ. ಬರಬೇಕಾದದ್ದರಲ್ಲಿ ಕಾಲುಭಾಗ ಬಂದಿಲ್ಲವೆಂದು ಡಾಕ್ಟರು ಪುಸ್ತಕ ತೆರೆದು ನೋಡಿ, ಎಲ್ಲರ ಮುಂದೆ ಕೂಗಾಡಿದರು. ಅಂದಿನಿಂದ ಹಾಕತೊಡಗಿದರು. ಹಾಕುವಾಗ ಅವರ ಮುಖ ಕಹಿ ಮಾತ್ರೆ ನುಂಗಿದವರಂತೆ ಆಗುತ್ತಿತ್ತು. ನಾನು ಎದುರಿಗೆ ಕೂತು ನಗುತ್ತಿದ್ದೆ.

ಆ ನಗು ೧೯೯೯ರ ಮಾರ್ಚಿನಲ್ಲಿ ನಿಂತಿತು.

ಅವರ ತಂಗಿ ಅಂಜಮ್ಮ. ಗಂಡ ಸತ್ತು, ಒಬ್ಬನೇ ಮಗನನ್ನು ಅಣ್ಣನ ಮನೆಯ ಪಕ್ಕದಲ್ಲೇ ಬೆಳೆಸಿದವಳು. ಮಗ ಚಿನ್ನರಾಜ್‌ಗೆ ಇಪ್ಪತ್ನಾಲ್ಕು ವರ್ಷ. ಮಗ್ಗದಲ್ಲಿ ಒಳ್ಳೆಯ ಕೈ ಎಂದು ಹೆಸರಾಗಿದ್ದವನು, ಮಗ್ಗ ನಿಂತ ಮೇಲೆ ನೂಲಿನ ಮಿಲ್ಲಿಗೆ ಸೇರಿದ್ದ. ಫೆಬ್ರವರಿಯಲ್ಲಿ ಅವನ ಬಲಗೈ ಯಂತ್ರದ ಉರುಳೆಗಳ ನಡುವೆ ಸಿಕ್ಕಿತು. ಸೇಲಂನಲ್ಲಿ ಆಪರೇಷನ್ ಮಾಡಿ ಕೈ ಉಳಿಸಿದರು, ಆದರೆ ಬೆರಳು ಮಡಿಚಿಕೊಂಡು ಬಿಗಿದುಹೋಗಿದ್ದವು. ಅಣ್ಣಯ್ಯಪ್ಪನವರೇ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಡಾಕ್ಟರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಐದು ತಿಂಗಳು ಬಿಡದೆ ಮಾಡಿದರೆ ಈ ಬೆರಳು ತೆರೆಯುತ್ತವೆ, ಮಧ್ಯೆ ಬಿಟ್ಟರೆ ಗಾಯದ ಚರ್ಮ ಎಳೆದುಕೊಂಡು ಮತ್ತೆ ತೆರೆಯುವುದಿಲ್ಲ ಎಂದರು. ವಿಮೆಯವರು ಮೊದಲು ಎಂಟು ವಾರಕ್ಕೆ ಒಪ್ಪಿಗೆ ಕೊಟ್ಟರು. ಮಿಕ್ಕ ಹನ್ನೆರಡು ವಾರಕ್ಕೆ ಆಮೇಲೆ ನೋಡಿ ಹೇಳುತ್ತೇವೆ ಎಂದರು.

ವಾರಕ್ಕೆ ಮೂರು ದಿನ ಚಿನ್ನರಾಜ್ ಬರುತ್ತಿದ್ದ. ತಮಿಳ್‌ಸೆಲ್ವಿ ಮೊದಲ ಕಾಲು ಗಂಟೆ ತನ್ನ ಕೈಯಿಂದ ಅವನ ಒಂದೊಂದೇ ಬೆರಳಿನ ಕೀಲು ಬಿಡಿಸುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಮುಂದಿನ ಕಾಲು ಗಂಟೆ ಕೆಲಸದ ಅಭ್ಯಾಸ. ಗೋಲಿ ಎತ್ತಿಡುವುದು, ಬಟ್ಟೆ ಹಿಂಡುವುದು, ನೂಲಿನ ಗಂಟು ಹಾಕುವುದು. ಎರಡೂ ಬೇರೆ, ಎರಡಕ್ಕೂ ಹೊತ್ತು ಬೇರೆ. ಅವಳು ಎರಡನ್ನೂ ತನ್ನ ಪುಸ್ತಕದಲ್ಲಿ ನಿಮಿಷದ ಸಮೇತ ಬರೆಯುತ್ತಿದ್ದಳು. ಆರನೆಯ ವಾರ ಅವನು ಎರಡು ಬೆರಳಿನಿಂದ ಟೀ ಲೋಟ ಎತ್ತಿದ. ಅಂಜಮ್ಮ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು. ನಾವೆಲ್ಲ ಅವತ್ತು ಟೀ ಎರಡು ಸಲ ಕುಡಿದೆವು.

ಅವನ ಮೊದಲ ಬಿಲ್ಲು ಟೈಪಿಗೆ ಬಂದಾಗಲೇ ನಾನು ನೋಡಿದ್ದೆ. ಎರಡು ಸಾಲು ಇತ್ತು, ಬಲಗೈಯ ಗುರುತು ಇತ್ತು, ೫೯ ಇರಲಿಲ್ಲ. ಉಳಿದ ಎಲ್ಲ ರೋಗಿಗಳಿಗೂ ಇತ್ತು, ಇವನಿಗೆ ಮಾತ್ರ ಇರಲಿಲ್ಲ.

"ಸಾರ್, ಇದಕ್ಕೆ ಮರ್ತ್‌ಬಿಟ್ರಿ" ಎಂದೆ.

"ಮರ್ತಿಲ್ಲ."

ತಮಿಳ್‌ಸೆಲ್ವಿ ಅಲ್ಲೇ ಇದ್ದಳು. ಪುಸ್ತಕ ತಂದು ಅವರ ಮುಂದೆ ಹಿಡಿದಳು. "ಸಾರ್, ಟೈಮ್ ತನಿತ್ತನಿಯಾ ಎಳುದಿರುಕ್ಕೇನ್, ಪಾರುಂಗ." ಬೇರೆಬೇರೆ ಹೊತ್ತು ಬರೆದಿದ್ದೇನಲ್ಲ, ನೋಡಿ ಎಂದು.

ಅವರು ಪುಸ್ತಕ ನೋಡಲಿಲ್ಲ. ಅವಳು ಹೋದ ಮೇಲೆ ನನ್ನ ಕಡೆ ಬಗ್ಗಿ, ಮೆಲ್ಲಗೆ ಹೇಳಿದರು: "ಬ್ಯಾರೆಯೋರ್ಗೆ ಡಾಕ್ಟ್ರು ಏಳಿದ್ಕೆ ಆಕ್ತೀನಿ. ಇವ್ನು ನನ್ ತಂಗಿ ಮಗ. ಒಂದು ಕೈಗೆ, ಒಂದೊತ್ನಲ್ಲಿ, ಎಲ್ಡು ಕೂಲಿ ಕೇಳದಾ? ಮಾವ ಗುಮಾಸ್ತ ಆಗವ್ನೆ, ಅಳಿಯಂಗೆ ಎಲ್ಡೆಲ್ಡು ಬರ್ಕಂತಾವ್ನೆ ಅಂತ ನಾಳೆ ಯಾರಾನಾ ಅಂದ್ರೆ ಮೊಕ ಎಲ್ಲಿ ಮಡಿಕ್ಕಳ್ಳಲಿ?"

"ಎಲ್ಡು ಮಾಡವ್ರೆ, ಎಲ್ಡು ಬರೀರಿ. ಸುಳ್ಳೇನೈತೆ ಸಾರ್ ಅದ್ರಲ್ಲಿ?"

"ನೀನು ಟೈಪ್ ಮಾಡಮ್ಮಾ."

ನಾನು ಟೈಪ್ ಮಾಡಿದೆ. ಒಂದು ಗುರುತು ಕಡಿಮೆ ಒತ್ತಿದೆ, ಅಷ್ಟೇ. ಹೋದರೆ ಡಾಕ್ಟರ ದುಡ್ಡು ಸ್ವಲ್ಪ ಹೋಗುತ್ತದೆ, ಅವರಿಗೇನು ಕಡಿಮೆ ಎಂದುಕೊಂಡೆ. ಆ ಗುರುತು ದುಡ್ಡಿಗೆ ಮಾತ್ರ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಹದಿನೈದು ದಿನಕ್ಕೊಮ್ಮೆ ಕಂಪನಿಯಿಂದ ಚೀಟಿ ಬರುತ್ತಿತ್ತು: ಎರಡನೆಯ ಸಾಲು ಮೊದಲನೆಯದರಲ್ಲಿ ಸೇರಿದೆ, ಆಕ್ಷೇಪವಿದ್ದರೆ ಹತ್ತು ದಿನದೊಳಗೆ ತಿಳಿಸಿ. ಅವರು ಓದಿ, ಸರಿಯಾಗಿಯೇ ಇದೆ ಎಂದು ತಲೆಯಾಡಿಸಿ ನನಗೆ ಕೊಡುತ್ತಿದ್ದರು. ನಾನು ರಂಧ್ರ ಹಾಕಿ ಫೈಲಿಗೆ ಸೇರಿಸುತ್ತಿದ್ದೆ. ನಾಲ್ಕು ಚೀಟಿಗಳಿಗೆ ನನ್ನ ಕೈಯಿಂದಲೇ ರಂಧ್ರ ಹಾಕಿದ್ದೇನೆ.

ಮೇ ತಿಂಗಳ ಎರಡನೆಯ ವಾರ ಐದನೆಯ ಕಾಗದ ಬಂತು. ಅದು ಚೀಟಿಯಲ್ಲ, ಪತ್ರ. ಅಣ್ಣಯ್ಯಪ್ಪನವರಿಗೆ ಇಂಗ್ಲಿಷು ಪೂರ್ತಿ ಹತ್ತದು, ನಾನೇ ಓದಿ ಹೇಳಿದೆ. ಎಂಟು ವಾರದಲ್ಲಿ ಚಿನ್ನರಾಜ್ ಇಪ್ಪತ್ನಾಲ್ಕು ಸಲ ಬಂದಿದ್ದಾನೆ. ಕೀಲು ಬಿಡಿಸುವ ಚಿಕಿತ್ಸೆ ಇಪ್ಪತ್ನಾಲ್ಕು. ಕೆಲಸದ ಅಭ್ಯಾಸ ಸೊನ್ನೆ, ಗುರುತಿಲ್ಲದ ಸಾಲು ಎಣಿಕೆಗಿಲ್ಲ. ಅಭ್ಯಾಸವನ್ನು ಇಪ್ಪತ್ತು ಸಲವಾದರೂ ಮಾಡಿದವರಿಗೆ ಮಾತ್ರ ಮುಂದಿನ ಹನ್ನೆರಡು ವಾರ. ಈ ರೋಗಿ ಚಿಕಿತ್ಸೆಗೆ ಸಹಕರಿಸಿಲ್ಲವಾದ್ದರಿಂದ ಮುಂದುವರಿಸಲು ಒಪ್ಪಿಗೆ ಇಲ್ಲ. ಪ್ರತಿಯನ್ನು ಮಿಲ್ಲಿಗೂ ಕಳಿಸಿದೆ.

"ಇನ್ನೊಂದ್ಸಲ ಓದು" ಎಂದರು.

ಓದಿದೆ.

"ಸೊನ್ನೆ ಅಂತ ಐತಾ?"

"ಐತೆ ಸಾರ್."

ಕಂಪನಿ ಕೊಟ್ಟಿದ್ದ ಪುಸ್ತಕವನ್ನು ಅವತ್ತು ಮೊದಲ ಸಲ ಕೊನೆಯ ಪುಟದವರೆಗೆ ನೋಡಿದೆವು. ಆ ನಿಯಮ ಅಲ್ಲೇ ಇತ್ತು. ಚೆನ್ನೈಯ ಹೆಂಗಸು ಅದನ್ನೂ ಹೇಳಿದ್ದರೆಂದು ತಮಿಳ್‌ಸೆಲ್ವಿ ನೆನಪಿಸಿದಳು. ಆಮೇಲೆ ಅವಳು ಅಣ್ಣಯ್ಯಪ್ಪನವರ ಮುಖವನ್ನೇ ನೋಡಿ ತಮಿಳಿನಲ್ಲಿ ಏನೇನೋ ಕೂಗಿದಳು. ಇಪ್ಪತ್ನಾಲ್ಕು ದಿನ ಅವನಿಂದ ಗೋಲಿ ಎತ್ತಿಸಿದ ಹುಡುಗಿ ಅವಳು. ಅವಳಿಗೆ ಕೂಗುವ ಹಕ್ಕಿತ್ತು. ನನಗೆ ಇರಲಿಲ್ಲ.

ಮರುವಾರ ನಾನೂ ಅಣ್ಣಯ್ಯಪ್ಪನವರೂ ತಮಿಳ್‌ಸೆಲ್ವಿಯ ಪುಸ್ತಕ ತೆಗೆದುಕೊಂಡು ಚೆನ್ನೈಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಆ ಪುಸ್ತಕವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದರು. ಕಂಪನಿಯ ಅಧಿಕಾರಿ ವಯಸ್ಸಾದವರು, ಮೃದುವಾಗಿ ಮಾತಾಡುವವರು. ನಮಗೆ ಕಾಫಿ ತರಿಸಿ, ಪುಸ್ತಕದ ಇಪ್ಪತ್ನಾಲ್ಕು ಪುಟಗಳನ್ನೂ ತಿರುವಿ ನೋಡಿದರು.

"ಪುಸ್ತಕ ಸರಿಯಾಗಿದೆ ಅಯ್ಯಾ" ಎಂದು ತಮಿಳಿನಲ್ಲಿ ಹೇಳಿದರು. "ಹಾಗಾದರೆ ಬಿಲ್ಲಿನಲ್ಲಿ ಆ ಗುರುತು ಯಾಕೆ ಇಲ್ಲ? ನಾಲ್ಕು ಬಿಲ್ಲಿಗೆ ಸರಿಯಾಗಿದೆ ಎಂದು ಸಹಿ ಮಾಡಿದ್ದೀರಿ. ನಾಲ್ಕು ಸಲ ಚೀಟಿ ಕಳಿಸಿದೆವು, ಒಂದಕ್ಕೂ ಆಕ್ಷೇಪವಿಲ್ಲ. ಇದೇ ತಿಂಗಳುಗಳಲ್ಲಿ ಬೇರೆ ರೋಗಿಗಳಿಗೆ ಹಾಕಿದ್ದೀರಿ. ಅಂದರೆ ನಿಮಗೆ ಗೊತ್ತಿಲ್ಲದ್ದೂ ಅಲ್ಲ. ಇವನಿಗೆ ಮಾತ್ರ ಬಿಟ್ಟಿದ್ದೀರಿ. ಮಾಡದೆ ಇದ್ದದ್ದಕ್ಕೇ ಬಿಟ್ಟಿದ್ದೀರಿ ಎಂದಲ್ಲವೇ ಯಾರಾದರೂ ತಿಳಿಯುವುದು?"

ಅಣ್ಣಯ್ಯಪ್ಪನವರು ಬೆವರು ಒರೆಸಿಕೊಂಡರು. "ಅವ್ನು ನನ್ ತಂಗಿ ಮಗ ಸಾರ್. ಅದ್ಕೇ ಆಕ್ಲಿಲ್ಲ" ಎಂದು ಕನ್ನಡದಲ್ಲೇ ಅಂದುಬಿಟ್ಟರು. ಆಮೇಲೆ ತಮಿಳಿನಲ್ಲಿ ಹೇಳಿದರು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಸ್ವಂತ ತಂಗಿಯ ಮಗನಾ?" ಎಂದರು. ಅವರ ಕಣ್ಣಿನಲ್ಲಿ ಅನುಮಾನ ಹುಟ್ಟಿದ್ದನ್ನು ನಾನು ನೋಡಿದೆ. ಇಲ್ಲಿಯವರೆಗೆ ತಪ್ಪು ಮಾಡಿದ ಗುಮಾಸ್ತ ಎದುರಿಗಿದ್ದ, ಈಗ ಸೋದರಳಿಯನಿಗಾಗಿ ಲೆಕ್ಕ ತಿದ್ದಲು ಬಂದ ಮಾವ ಇದ್ದ. ಯಾವ ಮಾತಿಗೆ ಹೆದರಿ ಅವರು ಆ ಗುರುತು ಬಿಟ್ಟಿದ್ದರೋ ಅದೇ ಮಾತು ಚೆನ್ನೈಯ ಆ ಮೇಜಿನ ಆಚೆಯಿಂದ ಅವರನ್ನು ಮುಟ್ಟಿತು. ಅಧಿಕಾರಿ ಪುಸ್ತಕ ಮುಚ್ಚಿ ವಾಪಸು ಕೊಟ್ಟು, ಆಗುವುದಿಲ್ಲ ಅಯ್ಯಾ ಎಂದರು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಸೇಲಂನಲ್ಲಿ ಬಸ್ಸಿಳಿದು ಅವರ ಜೊತೆ ಮನೆಯವರೆಗೆ ಹೋದೆ. ಒಬ್ಬರನ್ನೇ ಬಿಡಲು ಧೈರ್ಯವಿರಲಿಲ್ಲ. ಅವರ ಹೆಂಡತಿ ನಾರಾಯಣಮ್ಮ ರಾಟೆಯ ಮುಂದೆ ಕೂತಿದ್ದರು, ಮೈದುನನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾ. ಅಣ್ಣಯ್ಯಪ್ಪನವರು ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, "ಒಂದೇ ಕೆಲ್ಸ ಅಂದ್ಕಂಡೆ ಕಣೆ. ಬ್ಯಾರೆ ಬ್ಯಾರೆ ಬರ್ಯದು ಮೋಸ ಅಂದ್ಕಂಡೆ" ಎಂದರು.

ನಾರಾಯಣಮ್ಮ ರಾಟೆ ನಿಲ್ಲಿಸಲಿಲ್ಲ. "ನೀನು ಅಂಗೇ ಅಂದ್ಕಣಾದು. ಮೂವತ್ತೊಂದು ವರ್ಸ ಸುತ್ತಿವ್ನಿ. ನಿನ್ ಸೊಸೈಟಿ ಪುಸ್ತಕ್ದಾಗೆ ಒಂದಿನಾನಾ ನನ್ನೆಸ್ರು ಐತಾ ನೋಡು. ಇಲ್ದಿದ್ರೆ ನಾನು ಸುತ್ತೇ ಇಲ್ಲ ಅಂತ ತಾನೆ ಆಯ್ತದೆ?"

ಅವರು ಸಿಟ್ಟಿನಿಂದ ಹೇಳಲಿಲ್ಲ, ಹಾಲಿನವನು ಬಂದಿದ್ದ ಎನ್ನುವ ದನಿಯಲ್ಲೇ ಹೇಳಿದರು. ಅಣ್ಣಯ್ಯಪ್ಪನವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಗಟ್ಟಿ ಮನುಷ್ಯ ಅಳುವುದನ್ನು ನೋಡಬಾರದು. ನಾನು ನೋಡಿದೆ.

ಡಾಕ್ಟರು ಅರ್ಧ ಫೀಸಿಗೆ ಬಾ ಎಂದರು. ಚಿನ್ನರಾಜ್ ಎರಡು ವಾರ ಬಂದ. ಅಷ್ಟರಲ್ಲಿ ಮಿಲ್ಲಿನಿಂದಲೂ ಕಾಗದ ಬಂತು, ಚಿಕಿತ್ಸೆಗೆ ಸಹಕರಿಸದ ಕಾರಣ ಕೆಲಸವಿಲ್ಲ ಎಂದು. ಅಂಜಮ್ಮ ಇಡ್ಲಿ ಅಂಗಡಿಯೊಂದರಲ್ಲಿ ಹಿಟ್ಟು ರುಬ್ಬಲು ಹೋಗತೊಡಗಿದಳು, ಇವನು ಎಡಗೈಯಲ್ಲಿ ಆಗುವ ಕೆಲಸ ಹುಡುಕಿಕೊಂಡು ಅಲೆಯತೊಡಗಿದ. ಮೂರನೆಯ ವಾರದಿಂದ ಬರಲಿಲ್ಲ. ತಮಿಳ್‌ಸೆಲ್ವಿ ಭಾನುವಾರಗಳಲ್ಲಿ ತಾನೇ ಗುಗೈಗೆ ಹೋಗಿ ಮಾಡಿ ಬರುತ್ತಿದ್ದಳು. ವಾರಕ್ಕೊಂದು ದಿನ ಏನು ಸಾಲುತ್ತದೆ? ಆಗಸ್ಟಿನಲ್ಲಿ ಅವಳಿಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿ ಹೋದಳು. ದೀಪಾವಳಿಯ ಹೊತ್ತಿಗೆ ಚಿನ್ನರಾಜನ ನಾಲ್ಕು ಬೆರಳೂ ಅಂಗೈಗೆ ಕಚ್ಚಿಕೊಂಡವು. ಲೋಟ ಎತ್ತಿದ ಎರಡು ಬೆರಳೂ ಅದರಲ್ಲೇ ಸೇರಿದವು.

ಅಣ್ಣಯ್ಯಪ್ಪನವರು ಜೂನಿನಲ್ಲೇ ಕೆಲಸ ಬಿಟ್ಟಿದ್ದರು. ಚೌಡಮ್ಮನ ಗುಡಿಯ ಬೀಗದ ಕೈಯನ್ನು ಯಾರೂ ಕೇಳದೆಯೇ ವಾಪಸು ಕೊಟ್ಟರಂತೆ. ಬೀದಿಯಲ್ಲಿ ಯಾರೂ ಅವರನ್ನು ಬೈಯಲಿಲ್ಲ, ತಂಗಿಯೂ ಬೈಯಲಿಲ್ಲ. ಬೈದಿದ್ದರೆ ಅವರ ಎದೆ ಹಗುರಾಗುತ್ತಿತ್ತೋ ಏನೋ.

ಡಿಸೆಂಬರಿನ ಒಂದು ಬೆಳಿಗ್ಗೆ, ಅವರ ಬಾಕಿ ಸಂಬಳದ ಕವರು ಕೊಡಲು ಗುಗೈಗೆ ಹೋದೆ. ಜಗಲಿಯ ಮೇಲೆ ಮಾವ ಅಳಿಯ ಎದುರುಬದುರಾಗಿ ಕೂತಿದ್ದರು. ಚಿನ್ನರಾಜನ ಬಲಗೈ ಅಣ್ಣಯ್ಯಪ್ಪನವರ ತೊಡೆಯ ಮೇಲಿತ್ತು. ಅವರು ಕೊಬ್ಬರಿ ಎಣ್ಣೆ ಹಚ್ಚಿ, ತಮಿಳ್‌ಸೆಲ್ವಿ ಮಾಡುತ್ತಿದ್ದ ಹಾಗೆಯೇ, ಒಂದೊಂದೇ ಬೆರಳನ್ನು ಮೇಲಕ್ಕೆತ್ತಲು ನೋಡುತ್ತಿದ್ದರು. ಬೆರಳು ಕೂದಲೆಳೆಯಷ್ಟೂ ಏಳುತ್ತಿರಲಿಲ್ಲ. ಪಕ್ಕದಲ್ಲಿ ಗಡಿಯಾರ. ಕಾಲು ಗಂಟೆಯಾದ ಮೇಲೆ ಅಳಿಯನ ಮುಂದೆ ನಾಲ್ಕು ಗೋಲಿ ಇಟ್ಟರು. ಚಿನ್ನರಾಜ್ ಮುಚ್ಚಿದ ಮುಷ್ಟಿಯಿಂದ ಅವುಗಳನ್ನು ಅತ್ತಿತ್ತ ತಳ್ಳಿದ. ಮತ್ತೆ ಕಾಲು ಗಂಟೆ. ನನ್ನ ಕಡೆ ಒಮ್ಮೆ ತಲೆಯಾಡಿಸಿ ಮತ್ತೆ ಗಡಿಯಾರ ನೋಡಿದರು.

ಆಮೇಲೆ ನೋಟುಪುಸ್ತಕ ತೆಗೆದರು. ಅಡಿಕೋಲು ಇಟ್ಟು ಎರಡು ಗೆರೆ ಎಳೆದು, ತಾರೀಖು ಹಾಕಿ, ಎರಡು ಸಾಲು ಬರೆದರು. ಎರಡಕ್ಕೂ ಹೊತ್ತು ಬರೆದರು, ಬಲಗೈಯ ಗುರುತು ಹಾಕಿದರು. ಎರಡನೆಯ ಸಾಲಿನ ಹಿಂದೆ, ಕೆಂಪು ಶಾಯಿಯಲ್ಲಿ, ೫೯. ಪುಟದ ಮೇಲಿನಿಂದ ಕೆಳಗಿನವರೆಗೆ ಹಾಗೇ ಇತ್ತು. ಒಂದು ದಿನವೂ ತಪ್ಪಿರಲಿಲ್ಲ.

ನಾನು ಹೊರಟಾಗ ಚಿನ್ನರಾಜ್ ಬಸ್ ಸ್ಟಾಪಿನವರೆಗೆ ಬಂದ.

"ದಿನಾ ಮಾಡ್ತಾರಾ?" ಎಂದೆ.

"ದಿನಾ ಅಕ್ಕಾ."

"ನೋವಾಗಲ್ವಾ?"

"ಜೀವ ಓದಂಗಾಯ್ತದೆ."

"ಏನಾದ್ರೂ ಪ್ರಯೋಜನ ಐತಾ?"

ಅವನು ಆ ಮುಷ್ಟಿಯನ್ನು ಅಂಗಿಯ ಜೇಬಿನೊಳಗೆ ತೂರಿಸಿಕೊಂಡ. "ಕೈಗೆ ಏನೂ ಇಲ್ಲ ಅಕ್ಕಾ, ಡಾಕ್ಟ್ರು ಆಗ್ಲೇ ಏಳ್ಬಿಟ್ರು. ಒಂದಿನ ಬ್ಯಾಡ ಮಾವಾ ಅಂದೆ. ಅವತ್ತು ಪುಸ್ತಕ ತೊಡೆ ಮ್ಯಾಲೆ ಮಡಿಕ್ಕಂಡು ಸಾಯಂಕಾಲದ್ ತಂಕ ಅಂಗೇ ಕೂತಿದ್ರು, ಅನ್ನಾನೂ ಮುಟ್ಲಿಲ್ಲ. ಅದ್ಕೇ ಕೈ ನೀಡ್ಕಂಡು ಕೂತ್ಕಂತೀನಿ."

ಬಸ್ಸು ಬಂತು. ಅವನು ಎಡಗೈ ಎತ್ತಿ ಅದನ್ನು ನಿಲ್ಲಿಸಿದ.